ಪರಿವರ್ತಿತ ಪಿಶಾಚಿಯ ಋಣ

ಪಾಪಿಯು ಪಾಪವನ್ನು ಬಿಟ್ಟಮಾತ್ರಕ್ಕೆ ಹಿಂದೆ ಮಾಡಿದ ಪಾಪವು ಅವನನ್ನು ಬಿಡುತ್ತದೆಯೇ? ಈ ಪ್ರಶ್ನೆಯು ಮಾನವ ಸಮಾಜದಷ್ಟೇ ಪುರಾತನವಾದುದು. ದುಷ್ಟನೊಬ್ಬನು ಶಿಷ್ಟನಾದನೆಂಬ ವಾರ್ತೆಯನ್ನು ಕೇಳಿದಾಗ ನಮ್ಮೆಲ್ಲರ ಮನಸ್ಸು ಸಹಜವಾಗಿ ಹಿಗ್ಗುತ್ತದೆ. ಆದರೆ ಆ ದುಷ್ಟನಿಂದ ಮನೆಮಾರು ಕಳೆದುಕೊಂಡವನು ನಮ್ಮ ಪಕ್ಕದಲ್ಲಿಯೇ ಕುಳಿತಿದ್ದರೆ ಅವನೂ ಹಿಗ್ಗಬೇಕೆಂದು ಹೇಳುವ ಅಧಿಕಾರ ನಮಗಿದೆಯೇ? ಮೊದಲನೆಯ ಪ್ರಶ್ನೆಯನ್ನು ಧರ್ಮಗ್ರಂಥಗಳೂ ಪುರಾಣಗಳೂ ವಿಸ್ತಾರವಾಗಿ ಚರ್ಚಿಸಿವೆ. ಎರಡನೆಯದನ್ನು ನಾವು ಅನೇಕ ವೇಳೆ ಮರೆತುಬಿಡುತ್ತೇವೆ. ಈ ಎರಡನ್ನೂ ಒಟ್ಟಿಗೆ ಮುಂದಿಡುವ ಕಥೆಯೊಂದು ನಿರೀಕ್ಷಿಸದ ಸ್ಥಳದಲ್ಲಿ, ಅಂದರೆ ಅಮೆರಿಕದ ತರುಣ ಪ್ರೇಕ್ಷಕರಿಗಾಗಿ ನಿರ್ಮಿತವಾದ ದೂರದರ್ಶನ ಧಾರಾವಾಹಿಗಳಲ್ಲಿ ದೊರೆಯುತ್ತದೆ. ಭೂತಪ್ರೇತಗಳ ಕಥೆಯಲ್ಲಿ ನೀತಿವಿಚಾರವೆಲ್ಲಿಂದ ಬರಬೇಕೆಂದು ಹಿರಿಯರು ಮೂಗು ಮುರಿಯಬಹುದು. ನಮ್ಮ ಮನೆಗಳ ಮಕ್ಕಳು ಇಂಥ ಕಥೆಗಳನ್ನು ಆಸಕ್ತಿಯಿಂದ ನೋಡುತ್ತಿರುವಾಗ ಅವುಗಳಲ್ಲಿರುವ ವಿಚಾರವನ್ನು ತೂಗಿ ನೋಡುವುದು ಹಿರಿಯರ ಕರ್ತವ್ಯವೇ ಆಗಿದೆ.

ಜಾಸ್ ವೀಡನ್ ಎಂಬವರು ರಚಿಸಿದ 'ಬಫಿ ದ ವ್ಯಾಂಪೈರ್ ಸ್ಲೇಯರ್' ಎಂಬ ಧಾರಾವಾಹಿಯು 1997ರಿಂದ 2003ರವರೆಗೆ ಪ್ರಸಾರವಾಯಿತು. ಕ್ಯಾಲಿಫೋರ್ನಿಯಾದ ಸನ್ನಿಡೇಲ್ ಎಂಬ ಕಲ್ಪಿತ ಊರಿನಲ್ಲಿ ರಕ್ತಪಿಶಾಚಿಗಳನ್ನು ಸಂಹರಿಸಲು ನಿಯುಕ್ತಳಾದ ಬಫಿ ಎಂಬ ವಿದ್ಯಾರ್ಥಿನಿಯ ಕಥೆಯದು. ಅದರಲ್ಲಿ ಬರುವ ಏಂಜೆಲ್ ಎಂಬ ಪಾತ್ರವನ್ನೇ ನಾಯಕನನ್ನಾಗಿ ಮಾಡಿ, ವೀಡನ್ ಅವರು ಡೇವಿಡ್ ಗ್ರೀನ್‌ವಾಲ್ಟ್ ಅವರೊಡನೆ ರಚಿಸಿದ 'ಏಂಜೆಲ್' ಎಂಬ ಇನ್ನೊಂದು ಧಾರಾವಾಹಿಯು 1999ರಿಂದ 2004ರವರೆಗೆ 110 ಕಂತುಗಳಲ್ಲಿ ಬಂದಿತು. ಮೊದಲನೆಯದು ಪಿಶಾಚಿಯನ್ನು ಕೊಲ್ಲುವವಳ ಕಥೆಯಾದರೆ, ಎರಡನೆಯದು ಪಿಶಾಚಿಯಾಗಿದ್ದವನು ಒಳ್ಳೆಯವನಾಗಲು ಹೆಣಗುವ ಕಥೆ.

ಕಥೆಯ ಸಾರ ಹೀಗಿದೆ. ಐರ್ಲೆಂಡಿನ ಗಾಲ್ವೇ ನಗರದ ಲಿಯಮ್ ಎಂಬ ದುರ್ವ್ಯಸನಿ ತರುಣನು 1753ರಲ್ಲಿ ಡಾರ್ಲಾ ಎಂಬ ಪಿಶಾಚಿಯಿಂದ ತಾನೂ ರಕ್ತಪಿಶಾಚಿಯಾಗುತ್ತಾನೆ. ಈ ಕಥಾಲೋಕದ ನಿಯಮದಂತೆ ಮನುಷ್ಯನು ಪಿಶಾಚಿಯಾದಾಗ ಅವನ ಆತ್ಮವು ಹೊರಟುಹೋಗಿ, ದೇಹದಲ್ಲಿ ದೈತ್ಯಶಕ್ತಿಯು ನೆಲೆಸುತ್ತದೆ. ನೆನಪುಗಳು ಮಾತ್ರ ಉಳಿಯುತ್ತವೆ. ಏಂಜೆಲಸ್ ಎಂಬ ಹೆಸರನ್ನು ಪಡೆದ ಅವನು ತನ್ನ ಹೆತ್ತವರನ್ನು ಮತ್ತು ಒಡಹುಟ್ಟಿದವಳನ್ನು ಕೊಂದನು. ಸುಮಾರು ಒಂದೂವರೆ ಶತಮಾನ ಯುರೋಪಿನಲ್ಲಿ ಹತ್ಯೆಗಳನ್ನು ನಡೆಸಿ, 1898ರಲ್ಲಿ ರೋಮಾನಿಯಾ ದೇಶದಲ್ಲಿ ರೋಮಾ ಜನಾಂಗದ ಒಂದು ಕುಲದ ಕನ್ಯೆಯನ್ನು ಕೊಂದನು. ಆ ಕುಲದವರು ಮಂತ್ರಬಲದಿಂದ ಅವನಿಗೆ ಆತ್ಮವನ್ನು ಮರಳಿಸಿದರು. ಮಾಡಿದ ಪ್ರತಿಯೊಂದು ಕೊಲೆಯೂ ನೆನಪಾಗಿ ಅವನು ಪಶ್ಚಾತ್ತಾಪದಲ್ಲಿ ಬೇಯತೊಡಗಿದನು. ಮುಂದೆ ಸುಮಾರು ನೂರು ವರ್ಷ ದಿಕ್ಕೆಟ್ಟು ಅಲೆದು, ನ್ಯೂಯಾರ್ಕಿನ ಗಲ್ಲಿಗಳಲ್ಲಿ ಇಲಿಗಳನ್ನು ತಿಂದು ಬದುಕಿ, ಕೊನೆಗೆ ಬಫಿಯ ನೆರವಿಗೆ ನಿಲ್ಲುತ್ತಾನೆ. ಆನಂತರ ಲಾಸ್ ಏಂಜಲೀಸ್ ನಗರದಲ್ಲಿ ಪತ್ತೇದಾರಿ ಕಚೇರಿಯೊಂದನ್ನು ತೆರೆದು ಅಸಹಾಯಕರನ್ನು ರಕ್ಷಿಸುವ ಕಾರ್ಯದಲ್ಲಿ ತೊಡಗುತ್ತಾನೆ.

ಇಲ್ಲಿ ಮೊಟ್ಟಮೊದಲು ಏಳುವ ಪ್ರಶ್ನೆ, ಆ ಕೊಲೆಗಳು ಯಾರವು ಎಂಬುದು. ವಾಣಿಜ್ಯಶಾಸ್ತ್ರವನ್ನು ಓದಿದವನಿಗೆ ಕೂಡಲೇ ಪಾಲುದಾರಿಕೆಯ ಕಾನೂನು ನೆನಪಾಗುತ್ತದೆ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 31ನೆಯ ಕಲಮಿನ ಪ್ರಕಾರ, ವ್ಯಾಪಾರಸಂಸ್ಥೆಯೊಂದಕ್ಕೆ ಹೊಸದಾಗಿ ಸೇರಿದ ಪಾಲುದಾರನು ತಾನು ಸೇರುವ ಮುಂಚೆ ಆ ಸಂಸ್ಥೆ ಮಾಡಿದ ಕಾರ್ಯಗಳಿಗೆ ಸೇರಿದನೆಂಬ ಕಾರಣದಿಂದಲೇ ಹೊಣೆಗಾರನಾಗುವುದಿಲ್ಲ. ಏಂಜೆಲ್ ಈ ವಾದವನ್ನು ಸುಲಭವಾಗಿ ಹೂಡಬಹುದಿತ್ತು. "ಕೊಲೆಗಳು ನಡೆದಾಗ ನಾನು ಈ ದೇಹದಲ್ಲಿ ಇರಲಿಲ್ಲ, ಇದ್ದುದು ದೈತ್ಯ" ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವನ ಮಿತ್ರರೂ ಅನೇಕ ವೇಳೆ ಏಂಜೆಲ್ ಬೇರೆ, ಏಂಜೆಲಸ್ ಬೇರೆ ಎಂದು ಸಮಾಧಾನ ಹೇಳುತ್ತಾರೆ. ಆದರೆ ಅವನು ಆ ಆಶ್ರಯವನ್ನು ಪಡೆಯುವುದಿಲ್ಲ. ಕೊಂದ ಕೈ ಇದೇ, ಸವಿದ ನಾಲಗೆ ಇದೇ, ಆ ಸುಖದ ನೆನಪು ಈಗಲೂ ತನ್ನಲ್ಲಿದೆ ಎಂಬ ಅರಿವು ಅವನಿಗಿದೆ. ಅಂಗಡಿಯ ನಾಮಫಲಕವನ್ನು ಬದಲಿಸಿದಮಾತ್ರಕ್ಕೆ ಹಳೆಯ ಸಾಲ ತೀರುವುದಿಲ್ಲವೆಂಬುದನ್ನು ಯಾವ ವರ್ತಕನೂ ಬಲ್ಲನು. "ಆಗ ನಾನು ನಾನಾಗಿರಲಿಲ್ಲ", "ಕೋಪ ಮಾಡಿಸಿತು", "ಕುಡಿತ ಮಾಡಿಸಿತು", "ಕಾಲ ಕೆಟ್ಟಿತ್ತು" ಎಂದು ಹೇಳುವವರಿಗೂ ಇದೇ ಉತ್ತರ. ಮಾಡಿದ ಕೃತ್ಯವನ್ನು ತನ್ನ ಹೆಸರಿನ ಖಾತೆಗೆ ಬರೆದುಕೊಳ್ಳದವನಿಗೆ ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲೂ ದೊರೆಯದು.

ಈ ಸಂದರ್ಭದಲ್ಲಿ ಒಂದು ತಾತ್ತ್ವಿಕ ಸ್ಪಷ್ಟೀಕರಣ ಅಗತ್ಯ. ಆತ್ಮವನ್ನು ತೆಗೆಯಬಹುದು, ಮತ್ತೆ ತಂದಿಡಬಹುದು ಎಂಬುದು ನಮ್ಮ ದರ್ಶನಕ್ಕೆ ಒಪ್ಪಿಗೆಯಾಗುವ ಮಾತಲ್ಲ. ಜೀವವಿರುವಲ್ಲೆಲ್ಲ ಆತ್ಮವಿದೆ. ಅದನ್ನು ಕಷಾಯಗಳು ಮುಸುಕಬಹುದೇ ಹೊರತು ಹೊರಗೆ ಹಾಕಲಾರವು. ಈ ಕಥೆಯವರು ಆತ್ಮವೆಂದು ಕರೆಯುವುದು ವಸ್ತುತಃ ಅಂತಃಸಾಕ್ಷಿಯನ್ನು, ಅಂದರೆ ಪರರ ನೋವನ್ನು ತನ್ನ ನೋವೆಂದು ಅರಿಯುವ ವಿವೇಕವನ್ನು. ಹೀಗೆ ಅರ್ಥಮಾಡಿಕೊಂಡಲ್ಲಿ ಕಥೆಯು ನಮಗೂ ಅನ್ವಯಿಸುತ್ತದೆ.

ಇನ್ನು ಶಿಕ್ಷೆಯ ವಿಚಾರ. ಆ ಕುಲದವರು ವಿಧಿಸಿದ ಶಾಪದಲ್ಲಿ ಒಂದು ವಿಚಿತ್ರವಾದ ಷರತ್ತಿದೆ. ಏಂಜೆಲನು ಒಂದು ಕ್ಷಣವಾದರೂ ಪರಿಪೂರ್ಣ ಸುಖವನ್ನು ಅನುಭವಿಸಿದರೆ ಆತ್ಮವು ಮತ್ತೆ ಹೊರಟುಹೋಗುತ್ತದೆ. ಏಕೆಂದರೆ ಅವರ ಉದ್ದೇಶವು ಅವನನ್ನು ತಿದ್ದುವುದಾಗಿರಲಿಲ್ಲ, ಅವನು ಸದಾಕಾಲ ನರಳಬೇಕೆಂಬುದೇ ಆಗಿತ್ತು. 1998ರಲ್ಲಿ ಪ್ರಸಾರವಾದ ಕಂತುಗಳಲ್ಲಿ ಬಫಿಯ ಪ್ರೇಮದಲ್ಲಿ ಅವನಿಗೆ ಅಂಥ ಕ್ಷಣವೊಂದು ಒದಗುತ್ತದೆ. ಕೂಡಲೇ ಹಳೆಯ ಏಂಜೆಲಸ್ ಎಚ್ಚರಗೊಂಡು ಕೊಲೆಗಳಿಗೆ ತೊಡಗುತ್ತಾನೆ. ಅವನಿಂದ ಹತಳಾದವರಲ್ಲಿ ಜೆನ್ನಿ ಕ್ಯಾಲೆಂಡರ್ ಎಂಬ ಶಿಕ್ಷಕಿಯೂ ಒಬ್ಬಳು. ಅವಳು ಶಾಪವನ್ನು ಕೊಟ್ಟ ಅದೇ ಕುಲದವಳು! ಅವನ ಮೇಲೆ ಕಣ್ಣಿಡಲೆಂದೇ ಕುಲದವರು ಅವಳನ್ನು ಕಳುಹಿಸಿದ್ದರು. ಪ್ರತೀಕಾರವನ್ನೇ ಗುರಿಯಾಗಿ ಇಟ್ಟುಕೊಂಡ ಶಿಕ್ಷೆಯು ಅಪರಾಧಿಯನ್ನೂ ತಿದ್ದದೆ, ಸಮಾಜವನ್ನೂ ಕಾಯದೆ, ಕೊನೆಗೆ ಶಿಕ್ಷಿಸಿದವರ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ವೈರವು ವೈರವನ್ನು ಹೆರುತ್ತದೆ ಎಂಬ ಮಾತಿಗೆ ಇದಕ್ಕಿಂತ ಕಠೋರವಾದ ದೃಷ್ಟಾಂತ ಬೇಕಿಲ್ಲ.

ಇದೇ ಕಥೆಯಲ್ಲಿ ಸ್ಪೈಕ್ ಎಂಬ ಇನ್ನೊಬ್ಬ ಪಿಶಾಚಿಯಿದ್ದಾನೆ. ಸರಕಾರದ ಗುಪ್ತ ಸೈನಿಕದಳವೊಂದು ಅವನ ತಲೆಯೊಳಗೆ ಒಂದು ಚಿಪ್ಪನ್ನು ಇಡುತ್ತದೆ. ಮನುಷ್ಯರಿಗೆ ಹಿಂಸೆ ಮಾಡಲು ಹೊರಟರೆ ಅಸಹನೀಯವಾದ ತಲೆನೋವು ಬರುತ್ತದೆ. ಅಂದಿನಿಂದ ಅವನು ಯಾರನ್ನೂ ಕಚ್ಚುವುದಿಲ್ಲ. ಆದರೆ ಅವನು ಅಹಿಂಸಕನಾದನೇ? ದೈತ್ಯರನ್ನು ಹೊಡೆದರೆ ನೋವಾಗದೆಂದು ತಿಳಿದ ಕೂಡಲೇ ಹೊಡೆಯುವ ಸುಖಕ್ಕಾಗಿಯೇ ದೈತ್ಯರ ಮೇಲೆ ಬೀಳುತ್ತಾನೆ. ಮುಂದೆ ಬಫಿಯೊಬ್ಬಳ ವಿಷಯದಲ್ಲಿ ಆ ಚಿಪ್ಪು ಕೆಲಸ ಮಾಡುತ್ತಿಲ್ಲವೆಂದು ಗೊತ್ತಾಗುತ್ತದೆ. ತಾನು ಪ್ರೀತಿಸುತ್ತೇನೆಂದು ಹೇಳಿಕೊಳ್ಳುತ್ತಿದ್ದ ಆಕೆಯ ಮೇಲೆಯೇ ಅವನು ಬಲಾತ್ಕಾರಕ್ಕೆ ಯತ್ನಿಸುತ್ತಾನೆ. ಗಲ್ಲಾಪೆಟ್ಟಿಗೆಗೆ ಬೀಗವಿರುವುದರಿಂದ ಕದಿಯದೆ ಇರುವ ನೌಕರನನ್ನು ನಾವು ಪ್ರಾಮಾಣಿಕನೆಂದು ಕರೆಯುವುದಿಲ್ಲ. ಬೀಗ ಬೇಡವೆಂದು ಇದರ ಅರ್ಥವಲ್ಲ. ಬೀಗವು ಪೆಟ್ಟಿಗೆಯನ್ನು ಕಾಯುತ್ತದೆ, ನೌಕರನ ಶೀಲವನ್ನು ಕಟ್ಟುವುದಿಲ್ಲ. ಆ ಕೃತ್ಯದ ಅನಂತರ ಸ್ಪೈಕನು ಆಫ್ರಿಕಾಕ್ಕೆ ಹೋಗಿ, ಕಠಿಣ ಪರೀಕ್ಷೆಗಳನ್ನು ಎದುರಿಸಿ, ತಾನಾಗಿ ಆತ್ಮವನ್ನು ಮರಳಿ ಪಡೆಯುತ್ತಾನೆ. ಏಂಜೆಲನಿಗೆ ಶಾಪವಾಗಿ ಬಂದುದನ್ನು ಇವನು ಬೇಡಿ ಪಡೆದನು. ಅದರಿಂದ ಬರುವ ಸಂಕಟವನ್ನು ಬೇಡಿಕೊಳ್ಳುವ ಈ ನಿರ್ಧಾರದಲ್ಲಿಯೇ ನಿಜವಾದ ಪರಿವರ್ತನೆಯ ಬೀಜವಿದೆ.

ಅಹಿಂಸೆಯ ದೃಷ್ಟಿಯಿಂದ ಇಲ್ಲಿ ಒಂದು ಆಕ್ಷೇಪಣೆಯನ್ನು ಹೇಳಲೇಬೇಕು. ಪರಿವರ್ತಿತನಾದ ಏಂಜೆಲನು ಮನುಷ್ಯರಕ್ತವನ್ನು ಬಿಟ್ಟು, ಕಸಾಯಿಖಾನೆಯಿಂದ ತಂದ ಹಂದಿಯ ರಕ್ತವನ್ನು ಕುಡಿಯುತ್ತಾನೆ. ಕಥೆಯು ಇದನ್ನು ಒಂದು ಪ್ರಶ್ನೆಯೆಂದೇ ಭಾವಿಸುವುದಿಲ್ಲ. ಅವನ ಪಶ್ಚಾತ್ತಾಪದ ವಿಸ್ತಾರವು ಮನುಷ್ಯಜಾತಿಯ ಎಲ್ಲೆಯಲ್ಲಿ ನಿಂತುಬಿಡುತ್ತದೆ. ಆದರೂ ಅಭ್ಯಾಸಬಲವನ್ನು ಮುರಿದು ಹಿಂಸೆಯನ್ನು ಕಡಿಮೆ ಮಾಡಿದವನನ್ನು, ಪೂರ್ಣವಾಗಿ ಬಿಡಲಿಲ್ಲವೆಂಬ ಕಾರಣಕ್ಕೆ ಮೊದಲಿನ ಕೊಲೆಗಾರನ ಸಾಲಿನಲ್ಲಿಯೇ ನಿಲ್ಲಿಸುವುದು ನ್ಯಾಯವಲ್ಲ. ಅಣುವ್ರತವೆಂಬ ಕಲ್ಪನೆಯೇ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಮಾನ್ಯಮಾಡುತ್ತದೆ. ಏರುವವನು ತಾನು ನಿಂತ ಮೆಟ್ಟಿಲನ್ನೇ ಶಿಖರವೆಂದು ಭಾವಿಸಬಾರದು, ಅಷ್ಟೇ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಏಂಜೆಲನು ನಗರದಲ್ಲಿ ಅನೇಕರ ಪ್ರಾಣವನ್ನು ಉಳಿಸುತ್ತಾನೆ. ಇದರಿಂದ ಅವನ ಹಳೆಯ ಋಣವು ತೀರುತ್ತದೆಯೇ? ಲೆಕ್ಕಪತ್ರದ ಮೊದಲ ಪಾಠವನ್ನು ಕಲಿತ ವಿದ್ಯಾರ್ಥಿಯೂ ಇಲ್ಲವೆಂದು ಹೇಳುವನು. ಒಬ್ಬ ಸಾಹುಕಾರನಿಗೆ ಕೊಡಬೇಕಾದ ಬಾಕಿಯನ್ನು ಇನ್ನೊಬ್ಬನಿಗೆ ಕೊಟ್ಟು, ಮೊದಲಿನವನ ಖಾತೆಯನ್ನು ಚುಕ್ತಾ ಎಂದು ಬರೆಯಲಾಗದು. ಗಾಲ್ವೇಯಲ್ಲಿ ಸತ್ತವರಿಗೆ ಲಾಸ್ ಏಂಜಲೀಸಿನಲ್ಲಿ ಬದುಕಿಸಿದವರಿಂದ ಯಾವ ಸಂದಾಯವೂ ಆಗುವುದಿಲ್ಲ. ಮೇಲಾಗಿ ಹಳೆಯ ಕೃತ್ಯವು ಬಡ್ಡಿಯಂತೆ ಬೆಳೆಯುತ್ತಲೇ ಇರುತ್ತದೆ. ಲಂಡನ್ನಿನ ಡ್ರುಸಿಲಾ ಎಂಬ ದೈವಭಕ್ತೆಯಾದ ತರುಣಿಯ ಕುಟುಂಬವನ್ನು ಕೊಂದು, ಅವಳಿಗೆ ಹುಚ್ಚು ಹಿಡಿಸಿ, ಪಿಶಾಚಿಯನ್ನಾಗಿ ಮಾಡಿದವನು ಏಂಜೆಲಸ್. ಸ್ಪೈಕನನ್ನು ಪಿಶಾಚಿಯನ್ನಾಗಿ ಮಾಡಿದವಳು ಆ ಡ್ರುಸಿಲಾ. ಏಂಜೆಲನು ಪಶ್ಚಾತ್ತಾಪದಲ್ಲಿ ಮುಳುಗಿದ್ದ ವರ್ಷಗಳಲ್ಲಿಯೂ ಅವರಿಬ್ಬರು ಕೊಲ್ಲುತ್ತಲೇ ಇದ್ದರು.

ಹಾಗಾದರೆ ಆ ಸೇವೆಯೆಲ್ಲ ವ್ಯರ್ಥವೇ? ಖಂಡಿತ ಅಲ್ಲ. ಉಳಿದ ಪ್ರಾಣವು ಉಳಿದ ಪ್ರಾಣವೇ. ಆದರೆ ಅದನ್ನು ಹಳೆಯ ಬಾಕಿಗೆ ವಜಾ ಹಾಕಿಕೊಳ್ಳಲು ಹೊರಟಾಗ ಸೇವೆಯ ಸ್ವರೂಪವೇ ಕೆಡುತ್ತದೆ. ನಮ್ಮ ವ್ಯಾಪಾರವಲಯದಲ್ಲಿಯೂ ಇದು ಅಪರಿಚಿತವಲ್ಲ. ಸಣ್ಣ ಸರಬರಾಜುದಾರರ ಹಣವನ್ನು ಮುಳುಗಿಸಿ ಶ್ರೀಮಂತನಾದವನು ವೃದ್ಧಾಪ್ಯದಲ್ಲಿ ಧರ್ಮಶಾಲೆಗೆ ದಾನ ಕೊಡುತ್ತಾನೆ. ಕಲ್ಲಿನ ಮೇಲೆ ಅವನ ಹೆಸರು ಕೆತ್ತಲ್ಪಡುತ್ತದೆ, ಶಾಲು ಹೊದಿಸಲಾಗುತ್ತದೆ. ಹಣ ಕಳೆದುಕೊಂಡವನ ವಿಧವೆಯು ಅದೇ ಊರಿನಲ್ಲಿ ಹೊಲಿಗೆ ಯಂತ್ರವನ್ನು ತುಳಿಯುತ್ತಿರುತ್ತಾಳೆ. ದಾನವು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ವಿಧವೆಯ ಮನೆಯ ಬಾಗಿಲನ್ನು ತಟ್ಟುವುದಕ್ಕಿಂತ ಧರ್ಮಶಾಲೆಯನ್ನು ಕಟ್ಟಿಸುವುದು ಅನೇಕರಿಗೆ ಸುಲಭವಾಗಿ ಕಾಣುತ್ತದೆ.

ಕಥೆಯನ್ನು ಬರೆದವರಿಗೆ ಈ ವಿಷಯದ ಅರಿವಿತ್ತೆಂದು ತೋರುತ್ತದೆ. 2001ರಲ್ಲಿ ಆರಂಭವಾದ ಮೂರನೆಯ ಸರಣಿಯಲ್ಲಿ ಹೋಲ್ಟ್ಸ್ ಎಂಬವನು ಬರುತ್ತಾನೆ. ಇವನು 18ನೆಯ ಶತಮಾನದ ಇಂಗ್ಲೆಂಡಿನ ಪಿಶಾಚಿಬೇಟೆಗಾರ. ಏಂಜೆಲಸ್ ಮತ್ತು ಡಾರ್ಲಾ ಸೇರಿ ಇವನ ಪತ್ನಿಯನ್ನೂ ಹಸುಗೂಸನ್ನೂ ಕೊಂದು, ಮಗಳನ್ನು ಪಿಶಾಚಿಯನ್ನಾಗಿ ಮಾಡಿದ್ದರು. ಆ ಮಗಳನ್ನು ಇವನು ತನ್ನ ಕೈಯಾರೆ ಬಿಸಿಲಿಗೆ ಒಡ್ಡಿ ಸುಡಬೇಕಾಯಿತು. ದೈತ್ಯನೊಬ್ಬನ ಮಾಯೆಯಿಂದ ಅವನು ಕಾಲವನ್ನು ದಾಟಿ ಇಂದಿನ ಲಾಸ್ ಏಂಜಲೀಸಿಗೆ ಬರುತ್ತಾನೆ. ಸತ್ತುಹೋದರೆಂದು ಭಾವಿಸಿದ್ದ ಸಾಹುಕಾರನೇ ಖಾತಾಪುಸ್ತಕವನ್ನು ಹಿಡಿದು ಎದುರು ನಿಂತಂತಾಯಿತು. ಏಂಜೆಲನು ಎಷ್ಟು ಜನರನ್ನು ರಕ್ಷಿಸಿದ್ದಾನೆಂಬ ಪಟ್ಟಿಯಿಂದ ಹೋಲ್ಟ್ಸನಿಗೆ ಏನಾಗಬೇಕು? ಅವನ ಮಗಳು ಆ ಪಟ್ಟಿಯಲ್ಲಿಲ್ಲ. ಹೋಲ್ಟ್ಸನು ಏಂಜೆಲನ ಶಿಶುವನ್ನು ಅಪಹರಿಸಿ, ನರಕಸದೃಶವಾದ ಲೋಕವೊಂದರಲ್ಲಿ ದ್ವೇಷವನ್ನೇ ಉಣಿಸಿ ಬೆಳೆಸುತ್ತಾನೆ. ಕೊನೆಗೆ ತನ್ನ ಸಾವನ್ನೇ ಏಂಜೆಲನ ಕೃತ್ಯವೆಂದು ಆ ಬಾಲಕನು ನಂಬುವಂತೆ ಹೂಟ ಹೂಡಿ ಸಾಯುತ್ತಾನೆ. ನೊಂದವನ ದೂರು ನ್ಯಾಯವಾದುದೇ ಆಗಿತ್ತು. ಅದನ್ನು ಅವನು ವಸೂಲು ಮಾಡಿದ ರೀತಿಯಿಂದ ನಿರಪರಾಧಿಯಾದ ಒಬ್ಬ ಮಗನ ಬಾಳು ಹಾಳಾಯಿತು. ನೊಂದವನಿಗೂ ಧರ್ಮವಿದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಸ್ಪೈಕನಿಗೂ ಇಂಥದೇ ಪ್ರಸಂಗವಿದೆ. 1977ರಲ್ಲಿ ನ್ಯೂಯಾರ್ಕಿನಲ್ಲಿ ಅವನು ಕೊಂದ ನಿಕಿ ವುಡ್ ಎಂಬಾಕೆಯ ಮಗ ರಾಬಿನ್, ಬೆಳೆದು ಶಾಲೆಯೊಂದರ ಪ್ರಾಂಶುಪಾಲನಾಗಿ, ಅವನನ್ನು ಕೊಲ್ಲಲು ಯತ್ನಿಸುತ್ತಾನೆ. ಅದಾಗಲೇ ಆತ್ಮವನ್ನು ಪಡೆದಿದ್ದ ಸ್ಪೈಕನು ಅವನನ್ನು ಸೋಲಿಸಿ, ತಾಯಿಯನ್ನು ಕೊಂದಿದ್ದಕ್ಕಾಗಿ ಈ ಒಂದು ಸಲ ಮಗನನ್ನು ಜೀವಸಹಿತ ಬಿಟ್ಟಿದ್ದೇನೆ ಎಂಬರ್ಥದ ಮಾತನಾಡುತ್ತಾನೆ. ಇಲ್ಲಿ ಸಾಲಗಾರನೇ ಸಾಹುಕಾರನಿಗೆ ರಿಯಾಯಿತಿ ಕೊಟ್ಟಂತಾಯಿತು! ಪಶ್ಚಾತ್ತಾಪವು ಹುಟ್ಟಿದ ಮೇಲೆಯೂ ಅಹಂಕಾರವು ಎಷ್ಟು ಕಾಲ ಉಳಿಯುತ್ತದೆಂಬುದಕ್ಕೆ ಈ ದೃಶ್ಯವು ಸಾಕ್ಷಿ.

ನಮ್ಮ ಪರಂಪರೆಯ ಓದುಗರಿಗೆ ಈ ಸಂದರ್ಭದಲ್ಲಿ ಅರ್ಜುನಮಾಲಿಯ ನೆನಪಾಗದೆ ಇರದು. ಶ್ವೇತಾಂಬರ ಆಗಮವಾದ ಅಂತಕೃದ್ದಶಾದಲ್ಲಿ ಬರುವ ಈ ಕಥೆಯೂ ದೈತ್ಯಾವೇಶಕ್ಕೆ ಒಳಗಾದ ಕೊಲೆಗಾರನೊಬ್ಬನದೇ. ಮುದ್ಗರಪಾಣಿ ಯಕ್ಷನು ಮೈದುಂಬಿದ ಆ ಮಾಲೆಗಾರನು ರಾಜಗೃಹದ ಹೊರಗೆ ಪ್ರತಿದಿನ ಏಳು ಜನರನ್ನು ಕೊಲ್ಲುತ್ತಿದ್ದನು. ಸುದರ್ಶನ ಶ್ರೇಷ್ಠಿಯ ನಿರ್ಭಯತೆಯ ಎದುರು ಯಕ್ಷನು ಬಿಟ್ಟುಹೋದ ಮೇಲೆ ಅವನು ಭಗವಾನ್ ಮಹಾವೀರರ ಬಳಿ ದೀಕ್ಷೆ ಪಡೆದನು. ಆಮೇಲೆ ಅವನು ಭಿಕ್ಷೆಗೆ ಹೋದುದು ದೂರದ ನಗರಕ್ಕಲ್ಲ, ಅದೇ ರಾಜಗೃಹಕ್ಕೆ. ಇವನು ನನ್ನ ತಂದೆಯನ್ನು ಕೊಂದವನು, ನನ್ನ ತಾಯಿಯನ್ನು ಕೊಂದವನು ಎಂದು ಜನರು ಬೈದರು, ಹೊಡೆದರು. ಕೊಂದವನು ಯಕ್ಷನೆಂದು ಅವನು ವಾದಿಸಲಿಲ್ಲ, ಕ್ಷಮಿಸಿರೆಂದು ಪೀಡಿಸಲೂ ಇಲ್ಲ. ಎಲ್ಲವನ್ನೂ ಸಮಭಾವದಿಂದ ಸಹಿಸಿದನು. ಏಂಜೆಲನು ಹೊಸ ನಗರದಲ್ಲಿ ಹೊಸ ಜನರ ನಡುವೆ ಒಳ್ಳೆಯವನಾಗಲು ಯತ್ನಿಸಿದನು, ಅರ್ಜುನಮಾಲಿಯು ನೊಂದವರ ಬೀದಿಯಲ್ಲಿಯೇ ನಡೆದನು. ಎರಡನೆಯ ದಾರಿಯೇ ಕಠಿಣವಾದುದು.

ಈ ಕಠಿಣ ದಾರಿಗೆ ಸಮೀಪವಾಗಿ ಬರುವ ಪಾತ್ರವೊಂದು ಧಾರಾವಾಹಿಯಲ್ಲಿಯೂ ಇದೆ. ಫೇತ್ ಎಂಬಾಕೆ ಪಿಶಾಚಿಯಲ್ಲ, ಬಫಿಯಂತೆಯೇ ಪಿಶಾಚಿಸಂಹಾರಕ್ಕೆ ನಿಯುಕ್ತಳಾದ ಮಾನವಸ್ತ್ರೀ. ಆಕೆ ಆಕಸ್ಮಿಕವಾಗಿ ಮನುಷ್ಯನೊಬ್ಬನನ್ನು ಕೊಂದು, ಅದನ್ನು ಒಪ್ಪಿಕೊಳ್ಳಲಾರದೆ ದುಷ್ಟರ ಪಕ್ಷವನ್ನು ಸೇರಿ, ಬೇಕೆಂದೇ ಕೊಲ್ಲುವವಳಾಗುತ್ತಾಳೆ. ಕೊನೆಗೆ ಜೀವನದಲ್ಲಿ ಬೇಸತ್ತು ಏಂಜೆಲನ ಕೈಯಿಂದ ಸಾಯಲು ಯತ್ನಿಸುತ್ತಾಳೆ. ಅವನು ಅವಳನ್ನು ಕೊಲ್ಲದೆ, ಅವಳ ಜೊತೆಗೆ ನಿಲ್ಲುತ್ತಾನೆ. 2000ದಲ್ಲಿ ಪ್ರಸಾರವಾದ ಕಂತಿನಲ್ಲಿ ಆಕೆ ತಾನಾಗಿ ಪೋಲೀಸರಿಗೆ ಶರಣಾಗಿ, ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋಗುತ್ತಾಳೆ. ತೀರ್ಪನ್ನು ತಾನೇ ಕೊಟ್ಟುಕೊಳ್ಳದೆ ಅನ್ಯರ ಕೈಗೆ ಒಪ್ಪಿಸಿದುದು ಅವಳ ದೊಡ್ಡತನ. ಏಂಜೆಲನು ಅವಳಿಗೆ ಕೊಟ್ಟುದಾದರೂ ಏನು? ಕ್ಷಮೆಯನ್ನಲ್ಲ. ಅವಳು ನೋಯಿಸಿದವರ ಪರವಾಗಿ ಕ್ಷಮಿಸಲು ಅವನು ಯಾರು? ಅವನು ಕೊಟ್ಟುದು ಅವಕಾಶವನ್ನು ಮತ್ತು ಜೊತೆಯನ್ನು.

ಪ್ರತಿಫಲದ ಪ್ರಶ್ನೆಯೊಂದು ಉಳಿಯುತ್ತದೆ. ಆತ್ಮವುಳ್ಳ ಪಿಶಾಚಿಯು ತನ್ನ ಹೋರಾಟಗಳನ್ನು ಮುಗಿಸಿದ ಮೇಲೆ ಪುನಃ ಮನುಷ್ಯನಾಗುವನೆಂಬ ಭವಿಷ್ಯವಾಣಿ ಏಂಜೆಲನಿಗೆ ದೊರೆಯುತ್ತದೆ. ಅಂದಿನಿಂದ ಅವನ ಸೇವೆಯಲ್ಲಿ ಲಾಭದ ಲೆಕ್ಕವೂ ಸೇರುತ್ತದೆ. ಮುಂದೊಂದು ಹಂತದಲ್ಲಿ, ಆತ್ಮವಿದ್ದೂ, ಶತ್ರುಗಳಾದ ವಕೀಲರನ್ನು ಪಿಶಾಚಿಗಳೊಡನೆ ನೆಲಮಾಳಿಗೆಯಲ್ಲಿ ಕೂಡಿ ಬೀಗ ಹಾಕಿ ಹೊರಟುಹೋಗುವಷ್ಟು ಅವನು ಕೆಳಗಿಳಿಯುತ್ತಾನೆ. ಅಂತಃಸಾಕ್ಷಿಯು ಒಮ್ಮೆ ಎಚ್ಚರಗೊಂಡರೆ ಸಾಲದು, ಅದನ್ನು ಪ್ರತಿದಿನ ಎಚ್ಚರವಾಗಿ ಇಡಬೇಕಾಗುತ್ತದೆ. ಪ್ರತಿಕ್ರಮಣವನ್ನು ನಿತ್ಯಕರ್ಮವನ್ನಾಗಿ ವಿಧಿಸಿರುವುದು ಇದಕ್ಕಾಗಿಯೇ. 2004ರ ಮೇ 19ರಂದು ಪ್ರಸಾರವಾದ ಕೊನೆಯ ಕಂತಿನಲ್ಲಿ, ದುಷ್ಟಕೂಟವೊಂದರ ವಿಶ್ವಾಸವನ್ನು ಗಳಿಸಿ ಅದನ್ನು ನಾಶಗೊಳಿಸುವುದಕ್ಕಾಗಿ, ಏಂಜೆಲನು ಆ ಭವಿಷ್ಯವಾಣಿಯ ಮೇಲಿನ ತನ್ನ ಹಕ್ಕನ್ನು ರಕ್ತದಿಂದ ಸಹಿ ಹಾಕಿ ಬಿಟ್ಟುಕೊಡುತ್ತಾನೆ. ಋಣವು ತೀರುವ ಭರವಸೆಯಿಲ್ಲ, ಬಹುಮಾನದ ಆಸೆಯಿಲ್ಲ, ಗೆಲುವಿನ ಖಾತರಿಯೂ ಇಲ್ಲ. ಆದರೂ ಮಳೆ ಸುರಿಯುವ ಗಲ್ಲಿಯೊಂದರಲ್ಲಿ ಅವನು ಹೋರಾಟಕ್ಕೆ ನಿಲ್ಲುವಲ್ಲಿ ಕಥೆ ಮುಗಿಯುತ್ತದೆ. ಪರಿವರ್ತನೆಯು ಪೂರ್ಣವಾದುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ. ಒಳ್ಳೆಯದನ್ನು ಮಾಡುವುದಕ್ಕೆ ಅವನಿಗೆ ಆಗ ಉಳಿದಿದ್ದ ಕಾರಣ, ಅದು ಒಳ್ಳೆಯದೆಂಬುದೊಂದೇ.

ಒಟ್ಟಿನಲ್ಲಿ ವಿಚಾರಿಸಿದಾಗ, ಪರಿವರ್ತಿತನಾದವನ ವಿಷಯದಲ್ಲಿ ಮೂವರ ಕರ್ತವ್ಯಗಳನ್ನು ಬೇರೆ ಬೇರೆಯಾಗಿ ಗ್ರಹಿಸಬೇಕು. ತಪ್ಪು ಮಾಡಿದವನು ಕೃತ್ಯವನ್ನು ತನ್ನದೆಂದು ಒಪ್ಪಿ, ಸಾಧ್ಯವಿದ್ದಷ್ಟನ್ನು ನೊಂದವರಿಗೇ ಮರಳಿಸಿ, ಮರಳಿಸಲಾಗದ್ದನ್ನು ಜೀವನಪರ್ಯಂತ ಬಾಕಿಯೆಂದೇ ಹೊತ್ತು ನಡೆಯಬೇಕು. ನೊಂದವನು ಕ್ಷಮಿಸಬಹುದು, ಕ್ಷಮಿಸದಿರಬಹುದು. ಕ್ಷಮಿಸಿದರೆ ಅವನಿಗೇ ಬಿಡುಗಡೆಯೆಂಬುದು ನಿಜವಾದರೂ, ಅದನ್ನು ಅವನಿಂದ ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ವೈರವನ್ನು ಮುಂದಿನ ತಲೆಮಾರಿಗೆ ದಾಟಿಸದಿರುವ ಹೊಣೆ ಮಾತ್ರ ಅವನ ಮೇಲಿದೆ. ಇನ್ನು ನಾವು, ಅಂದರೆ ಸಮಾಜದವರು, ನಮ್ಮದಲ್ಲದ ಕ್ಷಮೆಯನ್ನು ಉದಾರವಾಗಿ ಹಂಚಬಾರದು. ನಾವು ಕೊಡಬಹುದಾದುದು ಅವಕಾಶ: ಒಂದು ಕೆಲಸ, ಒಂದು ಊಟ, ಪಕ್ಕದಲ್ಲಿ ಕುಳಿತುಕೊಳ್ಳಲು ಒಂದು ಸ್ಥಳ, ಮತ್ತು ಅವಶ್ಯವಿರುವಷ್ಟು ಕಾಲ ಪೆಟ್ಟಿಗೆಗೆ ಬೀಗ.

ಕ್ಷಮಾವಣಿಯ ದಿನ ನಾವು ಎದುರು ಬಂದವರೆಲ್ಲರಿಗೂ ಕೈಮುಗಿದು ಕ್ಷಮೆಯನ್ನು ಕೇಳುತ್ತೇವೆ. ಅದು ಸುಂದರವಾದ ಆಚರಣೆ. ಆದರೆ ಎದುರು ಬಾರದವರು, ನಮ್ಮನ್ನು ಕಂಡು ಬೀದಿಯ ಆಚೆಯ ಬದಿಗೆ ಸರಿಯುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮುಂದಿನ ಕ್ಷಮಾವಣಿಯಂದು ಮೊದಲು ಅವರ ಮನೆಗೆ ಹೋಗೋಣ. ಬಾಗಿಲು ತೆರೆಯದಿದ್ದರೂ ಹೋಗೋಣ.